ಅಪ್ಪನ ಪಟ್ಟಿಯಲ್ಲಿ ರೇಡಿಯೋ 1

'ಭಾಂಡ' ಎಂಬ ತಲೆಬರಹದ ಕೆಳಗೆ ಅಪ್ಪ ಹೀಗೆ ಬರೆದಿದ್ದಾರೆ: ಹಿತ್ತಾಳೆ ಕೊಡ 2, ತಾಮ್ರದ ಹಂಡೆ 1, ಸ್ಟೀಲ್ ತಟ್ಟೆ 8, ರೇಡಿಯೋ 1.

ಇದು ಅವರ ಪರಿಗ್ರಹ ಪರಿಮಾಣದ ಪುಸ್ತಕ. ನೂರು ಪುಟದ ಸಾಧಾರಣ ನೋಟ್‌ಬುಕ್. ಜೈನ ಗೃಹಸ್ಥರು ತೆಗೆದುಕೊಳ್ಳುವ ಐದು ಅಣುವ್ರತಗಳಲ್ಲಿ ಕೊನೆಯದು ಇದು. ಮುನಿಗಳು ಎಲ್ಲವನ್ನೂ ಬಿಡುತ್ತಾರೆ. ಹೆಂಡತಿ ಮಕ್ಕಳು ಇರುವವರಿಗೆ ಅದು ಆಗದ ಮಾತು. ಹಾಗಾಗಿ 'ನನಗೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ' ಎಂದು ಮಿತಿ ಹಾಕಿಕೊಳ್ಳುತ್ತಾರೆ. ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಹೆಣ್ಣಾಳು, ಗಂಡಾಳು, ಬಟ್ಟೆ, ಪಾತ್ರೆ ಪಗಡಿ. ಹೊರಗಿನ ಪರಿಗ್ರಹ ಹೀಗೆ ಹತ್ತು ಬಗೆ. ಅಪ್ಪ ಒಂದೊಂದಕ್ಕೆ ಒಂದೊಂದು ಪುಟ ಬಿಟ್ಟಿದ್ದಾರೆ. ಬಹಳಷ್ಟು ಪುಟಗಳಲ್ಲಿ ಮೂರು ನಾಲ್ಕು ಸಾಲು, ಅಷ್ಟೆ.

ಎರಡು ವರ್ಷದ ಹಿಂದೆ ದಶಲಕ್ಷಣ ಪರ್ವಕ್ಕೆ ಊರಿಗೆ ಹೋಗಿದ್ದೆ. ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ ನಮ್ಮದು. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿವರೆಗೆ ಹತ್ತು ದಿನ, ದಿನಕ್ಕೊಂದು ಧರ್ಮದ ಚಿಂತನೆ. ಎಂಟನೆಯ ದಿನ ಉತ್ತಮ ತ್ಯಾಗ. ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಆಕಿಂಚನ್ಯ ಅಂದರೆ 'ನನ್ನದು ಅನ್ನುವಂಥದ್ದು ಏನೂ ಇಲ್ಲ' ಎಂಬ ಭಾವ. ಆ ದಿನ ಬಸದಿಯಿಂದ ಮನೆಗೆ ಬಂದವನೇ ಅಪ್ಪನಿಗೆ ಹೇಳಿದೆ, ನಾನೂ ಪರಿಮಾಣ ಮಾಡಿಕೊಳ್ಳುತ್ತೇನೆ ಅಂತ. ಅಪ್ಪ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಖಾಲಿ ನೋಟ್‌ಬುಕ್ ಒಂದು ತಂದು ಮುಂದಿಟ್ಟರು.

ಹೊಲ, ಮನೆ, ಬಂಗಾರ ಬೇಗ ಮುಗಿಯಿತು. ಭಾಂಡಕ್ಕೆ ಬಂದಾಗ ಪೆನ್ನು ನಿಂತಿತು. ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಗೋಡೆಗೆ ಪೂರ್ತಿ ನನ್ನ ಆಡಿಯೋ ಸಾಮಾನು. ಅದನ್ನು ಎಲ್ಲಿ ಬರೆಯಬೇಕು? ಬೇರೆ ಪುಟ ಇಲ್ಲ. ರೇಡಿಯೋ ಬರೆದ ಕಡೆಯೇ ಬರೆಯಬೇಕು.

"ಬೆಲಿ ಸಮೇತ ಬರಿ," ಅಂದರು ಅಪ್ಪ.

ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ 2,10,000. ಅದರ ಮುಳ್ಳು ಕೂರುವ ಕಾರ್ಟ್ರಿಜ್ 95,000. ಕಾರ್ಟ್ರಿಜ್‌ನಿಂದ ಬರುವ ಸಣ್ಣ ಸಿಗ್ನಲ್ ಹಿಗ್ಗಿಸುವ ಫೋನೋ ಸ್ಟೇಜ್ 60,000. ವಾಲ್ವ್ ಆಂಪ್ಲಿಫೈಯರ್ 1,85,000. ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರ್ ಜೋಡಿ 3,40,000. ಸೆಕೆಂಡ್ ಹ್ಯಾಂಡ್ ತಗೊಂಡ ಚಿಕ್ಕ ಸ್ಪೀಕರ್ ಜೋಡಿ 1,20,000. ಬರೀ ಕೇಬಲ್ಲುಗಳಿಗೆ 70,000. ಹೆಡ್‌ಫೋನ್ 55,000. ಡಿಜಿಟಲ್ ಫೈಲ್ ಕೇಳಲು ಡ್ಯಾಕ್ 45,000. ಇನ್ನೂರ ಹನ್ನೆರಡು ಎಲ್ಪಿ ರೆಕಾರ್ಡು, ಸುಮಾರು 1,90,000.

ಒಟ್ಟು 13,70,000 ರೂಪಾಯಿ.

ಹತ್ತು ವರ್ಷದಲ್ಲಿ ಒಂದೊಂದಾಗಿ ಬಂದ ಸಾಮಾನು. ಒಟ್ಟು ಮೊತ್ತವನ್ನು ಒಂದೇ ಸಾಲಿನಲ್ಲಿ ನೋಡಿದ್ದು ಅವತ್ತೇ ಮೊದಲು. ಕೈ ತಣ್ಣಗಾಯಿತು.

ಅಪ್ಪನಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಮೂರ್ಛೆಯೇ ಪರಿಗ್ರಹ ಎಂದು ನಮ್ಮಲ್ಲಿ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಇಲ್ಲಿ ಮೂರ್ಛೆ ಅಂದರೆ 'ಇದು ನನ್ನದು' ಎಂಬ ಮಮತೆಯಲ್ಲಿ ಮೈಮರೆಯುವುದು. ವಸ್ತುವಿಗಿಂತ ಅದರ ಮೇಲಿನ ಮೋಹ ದೊಡ್ಡದು ಎಂದು ಅರ್ಥ. "ಅಪ್ಪಾ, ನನಗೆ ಈ ಪೆಟ್ಟಿಗೆಗಳ ಮೇಲೆ ಮೋಹ ಇಲ್ಲ. ಸಂಗೀತದ ಸಲುವಾಗಿ ಇಟ್ಟುಕೊಂಡಿದ್ದೇನೆ," ಅಂದೆ.

"ಇರಬಹುದು ತಮ್ಮಾ. ಮನಸಿನ ಸುದ್ದಿ ಆಮ್ಯಾಲ ನೋಡೂಣು. ವ್ರತ ಅಂದ್ರ ಮೊದಲ ಅಂಕಿ."

ಆ ಮಾತನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಮೋಹ ಇಲ್ಲದಿದ್ದರೆ ಎಷ್ಟಿದ್ದರೂ ಸರಿ ಅನ್ನುವುದು ಇದ್ದವರಿಗೆ ಬಹಳ ಅನುಕೂಲದ ಮಾತು. ಒಳಗೆ ಮೋಹ ಇದೆಯೋ ಇಲ್ಲವೋ ಹೊರಗಿನವರಿಗೆ ಕಾಣುವುದಿಲ್ಲ, ಎಷ್ಟೋ ಸಲ ನಮಗೇ ಕಾಣುವುದಿಲ್ಲ. ಹಿರಿಯರು ಇದನ್ನು ತಿಳಿದೇ ಇರಬೇಕು, ಮೂರ್ಛೆಯ ಮಾತಿನ ಪಕ್ಕದಲ್ಲೇ ಲೆಕ್ಕದ ವ್ರತವನ್ನೂ ಇಟ್ಟಿದ್ದಾರೆ.

ಈ ಸಾಮಾನು ಹೇಗೆ ಬಂತು ಅನ್ನುವುದನ್ನು ಹೇಳಬೇಕು. ಇಲ್ಲದಿದ್ದರೆ ನನಗೇ ನಾನು ಅನ್ಯಾಯ ಮಾಡಿಕೊಂಡ ಹಾಗೆ.

ನಮ್ಮ ಮನೆಯಲ್ಲಿ ಸಂಗೀತ ಬಂದದ್ದು ಧಾರವಾಡ ಆಕಾಶವಾಣಿಯಿಂದ. 1950ರಲ್ಲಿ ಶುರುವಾದ ಕೇಂದ್ರ ಅದು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರೆಲ್ಲ ನಮಗೆ ಮೊದಲು ರೇಡಿಯೋದ ದನಿಗಳು. ಮನ್ಸೂರರನ್ನು ಅಪ್ಪ ಹರೆಯದಲ್ಲಿ ಒಮ್ಮೆ ಧಾರವಾಡದಲ್ಲಿ ಎದುರು ಕೂತು ಕೇಳಿದ್ದಾರೆ. ಆ ರಾತ್ರಿಯ ಕತೆಯನ್ನು ನೂರು ಸಲ ಹೇಳಿದ್ದಾರೆ. ಕೊನೆಯ ಬಸ್ಸು ತಪ್ಪಿದ್ದು, ಬಸ್‌ಸ್ಟ್ಯಾಂಡಿನಲ್ಲೇ ಮಲಗಿದ್ದು, ನಿದ್ದೆ ಬರದೆ ಕೇಳಿದ ರಾಗವನ್ನೇ ಗುನುಗಿದ್ದು.

ನಾನು ಬೆಂಗಳೂರಿಗೆ ಬಂದ ಮೇಲೆ ಮಲ್ಲೇಶ್ವರದಲ್ಲಿ ಹಿರಿಯ ಗೆಳೆಯರೊಬ್ಬರ ಮನೆಗೆ ಹೋದೆ. ಅವರು ಮನ್ಸೂರರ ಒಂದು ಎಲ್ಪಿ ಹಾಕಿದರು. ಮೊದಲು ತಂಬೂರಿ. ನಾನು ಅಲ್ಲಿವರೆಗೆ ತಂಬೂರಿಯನ್ನು ಹಿಂದೆ ಎಲ್ಲೋ ಗುಂಯ್‌ಗುಡುವ ಒಂದು ಸದ್ದು ಅಂದುಕೊಂಡಿದ್ದೆ. ಅವತ್ತು ನಾಲ್ಕು ತಂತಿ ನಾಲ್ಕಾಗಿ ಕೇಳಿದವು. ಒಂದು ತಂತಿ ಮೀಟಿದ ಮೇಲೆ ಅದರ ಜೀವಾರಿ, ಅಂದರೆ ತಂತಿಯ ಝೇಂಕಾರ, ಹೇಗೆ ಅರಳುತ್ತದೆ, ಅದು ಇಂಗುವ ಮೊದಲೇ ಮುಂದಿನ ತಂತಿ ಹೇಗೆ ಬಂದು ಸೇರುತ್ತದೆ, ಎಲ್ಲ ಗೊತ್ತಾಯಿತು. ಆಮೇಲೆ ಆ ದನಿ. ತಾಳದ ಒಂದು ಸುತ್ತು ಮುಗಿಸಿ ಸಮಕ್ಕೆ, ಅಂದರೆ ಅದರ ಮೊದಲ ಪೆಟ್ಟಿಗೆ, ಬರುವ ಮುಂಚೆ ಮನ್ಸೂರರು ಎಳೆದುಕೊಳ್ಳುವ ಚಿಕ್ಕ ಉಸಿರು. ಆ ಉಸಿರು ಕೇಳಿದಾಗ ಕಣ್ಣಲ್ಲಿ ನೀರು ಬಂತು. ಅವರು 1992ರಲ್ಲೇ ತೀರಿಹೋಗಿದ್ದಾರೆ. ಆದರೆ ಈ ಕೋಣೆಯಲ್ಲಿ ಈಗ ತಾನೇ ಉಸಿರಾಡಿದರು.

ಅದು ಸುಳ್ಳಲ್ಲ. ಒಳ್ಳೆಯ ಉಪಕರಣ ಕೊಡುವುದು ಬರೀ ಒಣ ಡೌಲು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅಲ್ಲಿಂದ ಮೆಟ್ಟಿಲು ಶುರುವಾಯಿತು. ಟರ್ನ್‌ಟೇಬಲ್ ಬಂದ ಮೇಲೆ ಆಂಪ್ಲಿಫೈಯರ್ ಸಾಲದು ಅನ್ನಿಸಿತು. ಅದು ಬಂದ ಮೇಲೆ ಸ್ಪೀಕರ್. ಸ್ಪೀಕರ್ ಬಂದ ಮೇಲೆ ಮತ್ತೆ ಕಾರ್ಟ್ರಿಜ್. ಈ ದಾರಿಯಲ್ಲಿ ನಡೆದವರಿಗೆ ಇದು ಹೊಸದೇನಲ್ಲ.

ಊರಿನಿಂದ ಹೊರಡುವ ಮುಂಚೆ ಅಪ್ಪನ ಜೊತೆ ಒಂದು ಮಾತಾಯಿತು. ತಕ್ಷಣ ಮಿತಿ ಬರೆಯುವುದು ಬೇಡ. ಅನಂತ ಚತುರ್ದಶಿಯಿಂದ ದೀಪಾವಳಿವರೆಗೆ ದಿನಾಲೂ ಎರಡು ಲೆಕ್ಕ ಇಡಬೇಕು. ಸಂಗೀತ ಕೇಳಿದ್ದು ಎಷ್ಟು ಹೊತ್ತು, ಸಾಮಾನಿನ ಚಿಂತೆಗೆ ಹೋದದ್ದು ಎಷ್ಟು ಹೊತ್ತು. ನಮಗೆ ದೀಪಾವಳಿ ಮಹಾವೀರರ ನಿರ್ವಾಣದ ದಿನ. ಅವತ್ತು ಮಿತಿ ಬರೆಯುವುದು ಎಂದಾಯಿತು. ಸುಮಾರು ನಲವತ್ತೈದು ದಿನ.

ಲೆಕ್ಕ ಇಡುವುದು ಮೊದಲ ವಾರ ಕಷ್ಟವಾಯಿತು. ಯಾವುದು ಸಂಗೀತ, ಯಾವುದು ಸಾಮಾನು ಎಂದು ಬೇರೆ ಮಾಡುವುದೇ ಗೊತ್ತಾಗುತ್ತಿರಲಿಲ್ಲ. ಒಂದು ರೆಕಾರ್ಡ್ ಹಾಕಿ, ಐದು ನಿಮಿಷಕ್ಕೆ ಎದ್ದು ಸ್ಪೀಕರನ್ನು ಎರಡು ಇಂಚು ಒಳಕ್ಕೆ ತಿರುಗಿಸಿ, ಮತ್ತೆ ಅದೇ ಐದು ನಿಮಿಷ ಕೇಳಿದರೆ ಅದನ್ನು ಎಲ್ಲಿ ಬರೆಯುವುದು? ನನ್ನ ಹೆಂಡತಿ ಒಂದು ಸುಲಭದ ದಾರಿ ಹೇಳಿದಳು. "ಮುಗಿದ ಮೇಲೆ ಯಾವ ರಾಗ ಅಂತ ನೆನಪಿದ್ರೆ ಸಂಗೀತ. ಇಲ್ಲಾಂದ್ರೆ ಸಾಮಾನು." ಅದನ್ನೇ ಹಿಡಿದೆ.

ನಲವತ್ತೈದು ದಿನದ ಕೊನೆಗೆ ಸಂಗೀತಕ್ಕೆ 31 ಗಂಟೆ. ಸಾಮಾನಿಗೆ 52 ಗಂಟೆ. ಮುಳ್ಳು ಒರೆಸುವುದು, ಧೂಳು ತೆಗೆಯುವುದು, ಬೇರೆಯವರ ಸಾಮಾನಿನ ಬಗ್ಗೆ ಓದುವುದು, ಬೆಲೆ ನೋಡುವುದು, ಮುಂದೆ ಏನು ಬದಲಿಸಲಿ ಎಂದು ಯೋಚಿಸುವುದು. ಅಪ್ಪನಿಗೆ ಮೋಹ ಇಲ್ಲ ಎಂದು ಹೇಳಿದ್ದೆನಲ್ಲ, ಆ ಮಾತಿಗೆ ಉತ್ತರ ಇಲ್ಲಿತ್ತು.

ಈ ನಡುವೆ ಇನ್ನೊಂದು ವಿಷಯ ಗೊತ್ತಾಯಿತು. ಪಟ್ಟಿಗಾಗಿ ದೊಡ್ಡ ಸ್ಪೀಕರಿನ ವಿವರ ಬರೆದುಕೊಳ್ಳುತ್ತಿದ್ದೆ. ಮೇಲಿನ ಸ್ವರಗಳನ್ನು ಕೊಡುವ ಟ್ವೀಟರಿನ ಗುಮ್ಮಟ ರೇಷ್ಮೆಯದು ಎಂದು ಅದರ ಪುಸ್ತಕದಲ್ಲೇ ಇತ್ತು. ಎಷ್ಟೋ ಸ್ಪೀಕರುಗಳಲ್ಲಿ ಹೀಗೇ ಇರುತ್ತದೆ. ರೇಷ್ಮೆ ಬಟ್ಟೆ ಹಗುರ, ಅದಕ್ಕೆ ಲೇಪ ಕೊಟ್ಟು ಗುಮ್ಮಟ ಮಾಡುತ್ತಾರೆ, ದನಿ ಮೆತ್ತಗೆ ಬರುತ್ತದೆ. ನಮ್ಮ ಅವ್ವ ರೇಷ್ಮೆ ಬಿಟ್ಟು ಇಪ್ಪತ್ತು ವರ್ಷ ದಾಟಿದೆ. ಗೂಡನ್ನು ಹುಳು ಸಮೇತ ಬೇಯಿಸಿ ನೂಲು ತೆಗೆಯುವುದನ್ನು ರಾಮನಗರದ ಕಡೆ ಒಮ್ಮೆ ಕಣ್ಣಾರೆ ನೋಡಿ, ಮದುವೆ ಸೀರೆಯನ್ನೂ ಮತ್ತೆ ಉಡಲಿಲ್ಲ. ಆ ತಾಯಿಯ ಮಗ ಆರು ವರ್ಷ ರೇಷ್ಮೆಯ ಮೂಲಕ ಸಂಗೀತ ಕೇಳಿದ್ದ. ಹೆಡ್‌ಫೋನಿನ ಕಿವಿಮೆತ್ತೆ ನೋಡಿದೆ, ಕುರಿಯ ಚರ್ಮ. ಹಳೆಯ 78 ಆರ್‌ಪಿಎಂ ತಟ್ಟೆಗಳಲ್ಲಿ ಅರಗು ಇರುತ್ತಿತ್ತು, ಅದೂ ಹುಳುವಿನಿಂದ ಬರುವಂಥದ್ದೇ. ಒಂದು ವಸ್ತು ಮನೆಗೆ ಬರುವಾಗ ಬೆಲೆ ಕೇಳುತ್ತೇವೆ, ಗ್ಯಾರಂಟಿ ಕೇಳುತ್ತೇವೆ. ಯಾವುದರಿಂದ ಮಾಡಿದ್ದು ಎಂದು ಕೇಳುವುದಿಲ್ಲ. ನಾನು ಕೇಳಿರಲಿಲ್ಲ.

ದೊಡ್ಡ ಸ್ಪೀಕರ್ ಹೋಗಬೇಕು ಎನ್ನುವುದು ಅವತ್ತೇ ತೀರ್ಮಾನವಾಯಿತು. ಆ ಒಂದು ತೀರ್ಮಾನಕ್ಕೆ ಅಂಕಿ ಬೇಕಾಗಲಿಲ್ಲ.

ಚಿಕ್ಕ ಸ್ಪೀಕರ್‌ಗಳದ್ದು ಬೇರೆ ಕತೆ. ಅವು ಎಲ್‌ಎಸ್ 3/5ಎ ಎಂಬ ಹೆಸರಿನವು. ಟ್ವೀಟರಿನ ಗುಮ್ಮಟ ಮೈಲಾರ್ ಜಾತಿಯ ಪ್ಲಾಸ್ಟಿಕ್ ಹಾಳೆಯದು, ರೇಷ್ಮೆ ಇಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಬಿಬಿಸಿಯ ಎಂಜಿನಿಯರುಗಳು ಇವನ್ನು ರೂಪಿಸಿದ್ದು ತಮ್ಮ ಕೆಲಸಕ್ಕೆ. ಹೊರಾಂಗಣ ಪ್ರಸಾರಕ್ಕೆ ಹೋಗುವ ವ್ಯಾನಿನಲ್ಲಿ ಜಾಗ ಕಡಿಮೆ. ಅಲ್ಲಿ ಕೂತು ಮಾತಾಡುವವರ ದನಿ ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ಸಾಧನ ಬೇಕಿತ್ತು. ಎತ್ತರ ಒಂದು ಅಡಿ. ಒಳಗಿನ ಜಾಗ ಸುಮಾರು ಐದು ಲೀಟರ್. ನಮ್ಮ ಮನೆಯ ಹಾಲಿನ ಕ್ಯಾನಿನಷ್ಟು. ಆಮೇಲೆ ಬೇರೆ ಬೇರೆ ಕಂಪನಿಗಳು ಪರವಾನಗಿ ಪಡೆದು ಇವನ್ನು ಮಾಡಿ ಮಾರಿದವು, ಜನ ಮನೆಗೆ ಕೊಂಡರು, ಈಗ ಹಳೆಯದಕ್ಕೂ ಲಕ್ಷದ ಬೆಲೆ. ಕೆಲಸದ ಸಲಕರಣೆಯಾಗಿ ಹುಟ್ಟಿದ್ದು ಐಷಾರಾಮಿ ವಸ್ತುವಾಯಿತು. ಆದರೆ ಡಬ್ಬಿಯೊಳಗೆ ಆ ಹಳೆಯ ಗುಣ ಇನ್ನೂ ಇದೆ. ದೊಡ್ಡ ನಗಾರಿ ಹಾಕಿದರೆ ಸೋಲುತ್ತದೆ. ಮನುಷ್ಯನ ದನಿ ಹಾಕಿದರೆ ಎದುರು ಕೂತ ಹಾಗೆ.

ಇದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಅವರು ಉಪಕರಣದ ಮಾತು ತೆಗೆದರು. ಎಲ್ಲ ಬಿಟ್ಟ ದಿಗಂಬರ ಮುನಿಗಳೂ ಮೂರು ಉಪಕರಣ ಇಟ್ಟುಕೊಳ್ಳುತ್ತಾರೆ. ಜೀವಗಳನ್ನು ಮೆಲ್ಲಗೆ ಸರಿಸಲು ನವಿಲುಗರಿಯ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಅವು ಪರಿಗ್ರಹ ಅಲ್ಲ, ಸಾಧನೆಗೆ ಬೇಕಾದವು. ನನಗೆ ಖುಷಿಯಾಯಿತು. ನನ್ನದೂ ಉಪಕರಣವೇ ಅಲ್ವಾ ಎಂದು ಕೇಳಿದೆ.

"ಪಿಂಛಿ ವರ್ಷಕ್ಕೊಮ್ಮೆ ಬದಲಾಕ್ಕೈತಿ ತಮ್ಮಾ. ಹಳೇದನ್ನ ಮುನಿಗಳು ಬಿಟ್ಟ ಬಿಡ್ತಾರ, ತಿರುಗಿ ನೋಡಂಗಿಲ್ಲ. ನಿಂದು ಹಂಗ ಬಿಡ್ಲಿಕ್ಕ ಬರ್ತದೇನ ನೋಡು."

ಮಾರಲು ಕೂತೆ. ಬಿಡುವುದು ಏನೆಂದು ಗೊತ್ತಾಗಿದ್ದು ಆಗಲೇ. ದೊಡ್ಡ ಸ್ಪೀಕರ್ ಕೊಳ್ಳಲು ಮೈಸೂರಿನಿಂದ ಒಬ್ಬ ಹುಡುಗ ಬಂದ. ರೇಷ್ಮೆಯ ವಿಷಯ ಅವನಿಗೂ ಹೇಳಿದೆ, ಅವನಿಗೆ ಅದು ತೊಡಕಾಗಲಿಲ್ಲ. ನಾನು ಬಿಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಸರಿಯೋ ಎಂದು ಈಗಲೂ ಮನಸ್ಸು ಕೇಳುತ್ತದೆ. 3,40,000ದ್ದು 1,90,000ಕ್ಕೆ ಹೋಯಿತು. ಅವನ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನ ಹತ್ತಿರ ನಿಂತಿದ್ದೆ. ಹೆಡ್‌ಫೋನ್, ಡ್ಯಾಕ್, ಕೇಬಲ್ಲುಗಳು ಎರಡು ವಾರದಲ್ಲಿ ಹೋದವು. ನೂರ ಐವತ್ತೆರಡು ರೆಕಾರ್ಡು ಹೋದವು. ಅವುಗಳಲ್ಲಿ ನಲವತ್ತಕ್ಕೂ ಜಾಸ್ತಿ ನಾನು ಒಮ್ಮೆಯೂ ಕೇಳದವು. ಬಂದ ಹಣದಲ್ಲಿ ಮೊದಲು ಆಂಪ್ಲಿಫೈಯರಿನ ಸಾಲದ ಬಾಕಿ ಕಂತು ತೀರಿಸಿದೆ. ಉಳಿದದ್ದರಲ್ಲಿ ಅರ್ಧ ಊರಿನ ಹಾಸ್ಟೆಲಿನ ಮಕ್ಕಳ ಪುಸ್ತಕಕ್ಕೆ ಕೊಟ್ಟೆ.

ದೀಪಾವಳಿಗೆ ಊರಿಗೆ ಹೋಗಿ ಮಿತಿ ಬರೆದೆ. ಟರ್ನ್‌ಟೇಬಲ್, ಕಾರ್ಟ್ರಿಜ್, ಫೋನೋ ಸ್ಟೇಜ್, ವಾಲ್ವ್ ಆಂಪ್ಲಿಫೈಯರ್, ಚಿಕ್ಕ ಸ್ಪೀಕರ್. ಒಟ್ಟು 7,00,000 ಮೀರಬಾರದು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಈಗ ಎಷ್ಟರದ್ದು ಐತಿ?"

"6,70,000."

"ಇದು ಮಿತಿ ಅಲ್ಲಪಾ. ಇದ್ದದ್ದಕ್ಕ ಬೇಲಿ."

ಪುಟ ತಿರುವಿ ಹೊಸದಾಗಿ ಕೂತೆ. ನನ್ನ ಕೆಲಸಕ್ಕೆ ನಿಜವಾಗಿ ಏನು ಬೇಕು? ಒಂದು ದನಿ, ಒಂದು ತಂಬೂರಿ, ತಬಲಾ, ಹಾರ್ಮೋನಿಯಂ. ಅಟ್ಟದ ಮೇಲೆ ಕಾಲೇಜಿನ ಕಾಲದ ಆಂಪ್ಲಿಫೈಯರ್ ಇತ್ತು. ಅದರಲ್ಲೇ ಫೋನೋ ಸೌಕರ್ಯ ಇದೆ. ಆದರೆ ನನ್ನ ದುಬಾರಿ ಕಾರ್ಟ್ರಿಜ್ ಮೂವಿಂಗ್ ಕಾಯಿಲ್ ಜಾತಿಯದು, ಅದರ ಸಿಗ್ನಲ್ ಒಂದು ಮಿಲಿವೋಲ್ಟಿಗಿಂತ ಕಡಿಮೆ. ಹಳೆಯ ಆಂಪ್ಲಿಫೈಯರಿಗೆ ಅದು ಸಾಲದು. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ನಾಲ್ಕೈದು ಮಿಲಿವೋಲ್ಟ್ ಕೊಡುತ್ತದೆ, 8,000 ರೂಪಾಯಿಗೆ ಸಿಗುತ್ತದೆ. ಹಾಗೆ ಎಳೆ ಹಿಡಿದು ಹೋದರೆ ಕಾರ್ಟ್ರಿಜ್, ಫೋನೋ ಸ್ಟೇಜ್, ವಾಲ್ವ್ ಆಂಪ್ಲಿಫೈಯರ್ ಮೂರೂ ಬೇಕಿಲ್ಲ. ಟರ್ನ್‌ಟೇಬಲ್ 2,10,000, ಚಿಕ್ಕ ಸ್ಪೀಕರ್ 1,20,000, ಹೊಸ ಕಾರ್ಟ್ರಿಜ್ 8,000, ಹಳೆ ಆಂಪ್ಲಿಫೈಯರ್ 12,000. ಒಟ್ಟು 3,50,000. ರೆಕಾರ್ಡು 60. ಹೊಸದು ಒಂದು ಬಂದರೆ ಹಳೆಯದು ಒಂದು ಹೋಗಬೇಕು. ಇದನ್ನು ಬರೆದೆ. ಅಪ್ಪ ಕೆಳಗೆ ತಾರೀಖು ಹಾಕಿದರು.

ಹಳೆಯ ಆಂಪ್ಲಿಫೈಯರ್ ಗುಂಯ್ ಅನ್ನುತ್ತಿತ್ತು. ಎಸ್‌ಪಿ ರೋಡಿನಲ್ಲಿ ಕೆಪಾಸಿಟರ್ ತಂದು ಪರಿಚಯದ ರಿಪೇರಿಯವರ ಕೈಯಲ್ಲಿ ಹಾಕಿಸಿದೆ, ಸರಿಹೋಯಿತು. ದನಿ ಮೊದಲಿನಷ್ಟೇ ಚೆನ್ನಾಗಿದೆಯಾ? ಇಲ್ಲ. ತಂಬೂರಿಯ ನಾಲ್ಕು ತಂತಿ ಈಗ ಮೂರಾಗಿ ಕೇಳುತ್ತವೆ ಅನ್ನಬಹುದು. ಜೀವಾರಿ ಅಷ್ಟು ಅರಳುವುದಿಲ್ಲ. ಆದರೆ ಸಮಕ್ಕೆ ಬರುವ ಮೊದಲಿನ ಆ ಉಸಿರು ಇದೆ. ಅದಕ್ಕೆ ನಾನು ಭಯಪಟ್ಟಿದ್ದೆ, ಅದು ಉಳಿಯಿತು.

ಒಂದು ವಿಷಯ ಮಾತ್ರ ಲೆಕ್ಕಕ್ಕೆ ಸಿಕ್ಕಿಲ್ಲ. ಮನೆ ಕೆಲಸಕ್ಕೆ ಬರುವ ಅಕ್ಕ ಹಾಲ್ ಪೂರ್ತಿ ಒರೆಸುತ್ತಾರೆ, ಆ ಶೆಲ್ಫ್ ಬಿಟ್ಟು. ಒಂದು ದಿನ ಇವತ್ತು ಅದನ್ನೂ ಒರೆಸಿ ಅಂದೆ. "ಬೇಡ ಸಾರ್. ಆ ಕಡೆ ಕೈ ಇಡಬೇಡಿ ಅಂತ ನೀವೇ ಹೇಳಿದ್ರಿ," ಅಂದರು. ಹೌದು, ಸೇರಿದ ಮೊದಲ ದಿನವೇ ಹೇಳಿದ್ದೆ. ಆರು ವರ್ಷ ಅವರು ಆ ಶೆಲ್ಫಿನ ಮುಂದೆ ಸೆರಗು ಬಿಗಿಹಿಡಿದು ನಡೆದಿದ್ದಾರೆ. ನಾವು ಅವರಿಗೆ ತಿಂಗಳಿಗೆ 3,500 ಕೊಡುತ್ತಿದ್ದೆವು. ಮಾರಿದ ಕೇಬಲ್ಲುಗಳ ಬೆಲೆ ಅವರ ಇಪ್ಪತ್ತು ತಿಂಗಳ ಸಂಬಳ. ನಾನು 'ಮಿತಿ' ಎಂದು ಬರೆದ ಮೊತ್ತ ಅವರ ನೂರು ತಿಂಗಳ ಸಂಬಳ. ಸಂಬಳ ಜಾಸ್ತಿ ಮಾಡಿದ್ದೇವೆ, ಅದು ಮಾಡಲೇಬೇಕಾದದ್ದು. ಅದರಿಂದ ಈ ನೂರರ ಲೆಕ್ಕ ಅಳಿಸಿಹೋಗುವುದಿಲ್ಲ. ಪ್ರತಿ ವರ್ಷ ಆಕಿಂಚನ್ಯದ ದಿನ ಪುಸ್ತಕ ತೆರೆದು ಆ ಸಂಖ್ಯೆಯನ್ನು ಇನ್ನೂ ಇಳಿಸಬಹುದೇ ಎಂದು ನೋಡುವುದು ಅಂತ ಇಟ್ಟುಕೊಂಡಿದ್ದೇನೆ. ಹೋದ ವರ್ಷ ರೆಕಾರ್ಡು 60 ಇದ್ದದ್ದು 50 ಆಯಿತು. ಈಗ ಶೆಲ್ಫನ್ನು ಅಕ್ಕನೇ ಒರೆಸುತ್ತಾರೆ. ಒಮ್ಮೆ ಬಟ್ಟೆ ಸಿಕ್ಕಿ ಮುಳ್ಳು ಬಾಗಿತು. ಅವರು ಗಾಬರಿಯಾಗಿ ಅದನ್ನು ಹಿಡಿದು ನಿಂತಿದ್ದರು. ನನ್ನ ಎದೆಯೂ ಒಂದು ಕ್ಷಣ ಬಿಗಿಯಿತು. ಪರವಾಗಿಲ್ಲ ಅಕ್ಕ ಅಂದೆ. ಹೊಸ ಮುಳ್ಳು ಹಾಕಿದ್ದಾಯಿತು.

ಕಳೆದ ಚಳಿಗಾಲದಲ್ಲಿ ಅಪ್ಪ ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಬಂದರು. ಈ ಸಾಮಾನನ್ನು ಅವರು ನೋಡಿದ್ದು ಅದೇ ಮೊದಲು. ಸಂಜೆ ಮನ್ಸೂರರ ಅದೇ ಎಲ್ಪಿ ಹಾಕಿದೆ. ಅಪ್ಪ ಕುರ್ಚಿ ಬೇಡ ಎಂದು ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತರು. ಕಣ್ಣು ಮುಚ್ಚಿದರು. ಆಲಾಪ ಮುಗಿದು ಬಂದಿಶ್ ಶುರುವಾಯಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ, "ಉಸಿರು ಕೇಳಸ್ತೈತಿ," ಅಂದರು.

"ಹೌದಪ್ಪಾ."

"ಅವತ್ತು ಹಿಂಗ ಕೇಳಿತ್ತು."

ಮತ್ತೆ ಸುಮ್ಮನಾದರು. ಕೈಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮನ್ಸೂರರು ತಾನಕ್ಕೆ ಏರಿದ್ದರು. ನನಗೆ ಬಹಳ ಇಷ್ಟವಾದ ಜಾಗ ಇನ್ನು ಎರಡು ನಿಮಿಷ ದೂರ ಇತ್ತು. ಅಷ್ಟರಲ್ಲಿ ಅಪ್ಪ ಕಣ್ಣು ತೆರೆದು ಗೋಡೆ ಗಡಿಯಾರ ನೋಡಿದರು.

"ಸಾಮಾಯಿಕದ ಹೊತ್ತಾತು. ಬಂದ್ ಮಾಡು," ಎಂದು ಎದ್ದರು. ನಲವತ್ತೆಂಟು ನಿಮಿಷ ಧ್ಯಾನಕ್ಕೆ ಕೂರುವ ಸಮಯ ಅದು.

ಈ ಬದಿ ಮುಗಿಯಲಿ ಅಪ್ಪಾ ಎಂಬ ಮಾತು ಬಾಯಿಗೆ ಬಂದಿತ್ತು. ಅಪ್ಪ ಆಗಲೇ ಕೈಕಾಲು ತೊಳೆಯಲು ಹೋಗಿದ್ದರು. ನಾನು ಎದ್ದು ಹೋಗಿ, ತಾನದ ನಡುವೆಯೇ, ಮುಳ್ಳನ್ನು ಮೇಲೆತ್ತಿದೆ. ಒಳಗಡೆ ನಲ್ಲಿ ನೀರಿನ ಸದ್ದು ಕೇಳುತ್ತಿತ್ತು.